ಸಂವಿಧಾನದ ‘ಮೂಲ ಪ್ರತಿ’ ಎಂದರೆ ಯಾವುದು?

ಸಂವಿಧಾನದ ಬಗ್ಗೆ ವಾಗ್ವಾದ ಎದ್ದಾಗಲೆಲ್ಲ ‘ಮೂಲ ಪ್ರತಿಯಲ್ಲಿ ಹೀಗಿಲ್ಲ’ ಎನ್ನುವವರು ಇರುತ್ತಾರೆ. 2015ರ ಗಣರಾಜ್ಯೋತ್ಸವದ ಜಾಹೀರಾತಿನಲ್ಲಿ ‘ಸಮಾಜವಾದಿ’, ‘ಜಾತ್ಯತೀತ’ ಪದಗಳಿಲ್ಲದ ಪ್ರಸ್ತಾವನೆ ಕಾಣಿಸಿಕೊಂಡಾಗ ಈ ಮಾತು ಬಂತು. ಅಚ್ಚಿನ ಪ್ರತಿಗಳಲ್ಲಿ ಚಿತ್ರಗಳೇಕೆ ಇಲ್ಲವೆಂದು 2025ರಲ್ಲಿ ರಾಜ್ಯಸಭೆಯಲ್ಲಿ ಕೇಳಿದಾಗಲೂ ಬಂತು. ಆದರೆ ಆ ಮೂಲ ಪ್ರತಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಲಹೆಗಾರರಾಗಿ 1947ರ ಅಕ್ಟೋಬರ್‌ನಲ್ಲಿ ಮೊದಲ ಕರಡು ಕೊಟ್ಟರು. ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಅದನ್ನು ತಿದ್ದಿ ಬೆಳೆಸಿತು. 1949ರ ನವೆಂಬರ್ 26ರಂದು ಸಭೆ ಅದನ್ನು ಅಂಗೀಕರಿಸಿತು. ಇಷ್ಟು ಶಾಲೆಯಲ್ಲೇ ಓದಿದ್ದೇವೆ.

ಆದರೆ 1950ರ ಜನವರಿ 24ರಂದು ಸದಸ್ಯರು ಸಹಿ ಹಾಕಿದ್ದು ಕೈಬರಹದ ಪ್ರತಿಗಳಿಗೆ. ಇಂಗ್ಲಿಷ್ ಪ್ರತಿಯನ್ನು ಬರೆದವರು ದೆಹಲಿಯ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ, ಹಿಂದಿ ಪ್ರತಿಯನ್ನು ಬರೆದವರು ವಸಂತ ಕೃಷ್ಣ ವೈದ್ಯ. ರಾಯ್‌ಜಾದಾ ಅವರಿಗೆ ಈ ಬರವಣಿಗೆಗೆ ಸುಮಾರು ಆರು ತಿಂಗಳು ಹಿಡಿಯಿತು. ಅವರು ಸಂಭಾವನೆ ಬೇಡವೆಂದರು. ಪ್ರತಿ ಪುಟದಲ್ಲಿ ತಮ್ಮ ಹೆಸರು, ಕೊನೆಯ ಪುಟದಲ್ಲಿ ತಮಗೆ ಅಕ್ಷರಕಲೆ ಕಲಿಸಿದ ಅಜ್ಜನ ಹೆಸರು ಇರಲಿ ಎಂದಷ್ಟೇ ಕೇಳಿದರು. ದೇಶ ಕೊಡಬಹುದಾಗಿದ್ದ ಯಾವ ಹಣಕ್ಕಿಂತಲೂ ಇದು ದೊಡ್ಡ ಬೇಡಿಕೆ ಎಂದು ನನಗೆ ಅನ್ನಿಸುತ್ತದೆ. ಚಿತ್ರಗಳ ಹೊಣೆ ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದು. ಪ್ರಸ್ತಾವನೆಯ ಪುಟವನ್ನು ಅಲಂಕರಿಸಿದವರು ಜಬಲ್ಪುರದ ಬ್ಯೋಹಾರ್ ರಾಮಮನೋಹರ್ ಸಿಂಹ. ಮೊಹೆಂಜೊದಾರೊ ಮುದ್ರೆಯ ಗೂಳಿಯಿಂದ ಆರಂಭವಾಗುವ ಈ ಚಿತ್ರಸಾಲಿನ ಒಂದು ಪುಟದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ಜೊತೆ ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ್ ಇದ್ದಾರೆ. ಇಡೀ ಹಸ್ತಪ್ರತಿಯನ್ನು ಡೆಹ್ರಾಡೂನ್‌ನ ಭಾರತೀಯ ಸರ್ವೇಕ್ಷಣಾ ಇಲಾಖೆ ಕಲ್ಲಚ್ಚಿನ ವಿಧಾನದಲ್ಲಿ ಮುದ್ರಿಸಿತು.

ಆಮೇಲಿನ ನಾಲ್ಕು ದಶಕಗಳನ್ನು ನೆನೆದರೆ ಬೇಸರವಾಗುತ್ತದೆ. ಗಣರಾಜ್ಯವನ್ನು ಹುಟ್ಟಿಸಿದ ಹಾಳೆಗಳು ಫ್ಲಾನೆಲ್ ಬಟ್ಟೆಯಲ್ಲಿ, ನುಸಿಗುಳಿಗೆಗಳ ನಡುವೆ ಕುಳಿತಿದ್ದವು. ಮನೆಯ ಹಳೆಯ ರೇಷ್ಮೆ ಸೀರೆಗೆ ಮಾಡುವ ಆರೈಕೆಯೂ ಅಷ್ಟೇ. ಎಂಬತ್ತರ ದಶಕದ ಕೊನೆಯಲ್ಲಿ ಗಾಜಿನ ಪೆಟ್ಟಿಗೆಯ ಮೊದಲ ಯತ್ನಗಳು ನಡೆದರೂ ಗಾಳಿ ಒಳನುಸುಳದಂತೆ ಅದನ್ನು ಮುಚ್ಚಲಾಗಲಿಲ್ಲ. ಕೊನೆಗೆ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ 1994ರಲ್ಲಿ ಎರಡೂ ಪ್ರತಿಗಳನ್ನು ಹೊಸ ಪೆಟ್ಟಿಗೆಗಳಲ್ಲಿಟ್ಟವು. ಕೈರೋದ ರಾಜರ ಮಮ್ಮಿಗಳಿಗೆ ರೂಪಿಸಿದ ಪೆಟ್ಟಿಗೆಯ ತಂತ್ರವೇ ಇದಕ್ಕೂ ಆಧಾರ. ಒಳಗಿರುವುದು ನೈಟ್ರೋಜನ್. ಆಮ್ಲಜನಕ ತೀರ ಕಡಿಮೆಯಿದ್ದರೆ ಶಾಯಿ ಮಾಸುವುದು ನಿಧಾನವಾಗುತ್ತದೆ, ಹುಳವೂ ಬೂಷ್ಟೂ ಬದುಕುವುದಿಲ್ಲ. ತೇವವನ್ನೂ ಹದದಲ್ಲಿ ಇಡುತ್ತಾರೆ, ಏಕೆಂದರೆ ಒಣಗಿದರೆ ಕಾಗದ ಬಿರುಸಾಗುತ್ತದೆ, ಹಸಿಯಾದರೆ ಸುರುಳಿ ಸುತ್ತುತ್ತದೆ. ಹೀಲಿಯಂ ತುಂಬಿದ್ದಾರೆಂಬ ಮಾತು ಬಹಳ ಕಡೆ ಹಬ್ಬಿದೆ. ಒಂದು ಕಾಲಕ್ಕೆ ಹೀಲಿಯಂನಲ್ಲಿದ್ದದ್ದು ಅಮೆರಿಕದ ಸಂವಿಧಾನ.

ಇನ್ನು ಕಾನೂನಿನ ಮಾತು. ನ್ಯಾಯಾಲಯ ಅನ್ವಯಿಸುವುದು ಪೆಟ್ಟಿಗೆಯ ಪ್ರತಿಯನ್ನಲ್ಲ, ತಿದ್ದುಪಡಿಗಳ ಸಮೇತ ಇಂದು ಜಾರಿಯಲ್ಲಿರುವ ಪಾಠವನ್ನು. ‘ಸಮಾಜವಾದಿ’, ‘ಜಾತ್ಯತೀತ’ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. 1950ರ ಹಾಳೆಯಲ್ಲಿ ಅವು ಇಲ್ಲದಿರುವುದು ಸಹಜ, ಇಂದಿನ ಕಾನೂನಿನಲ್ಲಿ ಅವು ಇರುವುದೂ ಅಷ್ಟೇ ನಿಜ.

ಸಭೆ ನಡೆದ ಹಾಲ್ ಮೊದಲು ಬ್ರಿಟಿಷ್ ಕಾಲದ ಶಾಸಕರ ಗ್ರಂಥಾಲಯವಾಗಿತ್ತು, ಅನಂತರ ಸೆಂಟ್ರಲ್ ಹಾಲ್ ಆಯಿತು. ಹೊಸ ಸಂಸತ್ ಭವನಕ್ಕೆ ಕಲಾಪ ಸ್ಥಳಾಂತರವಾದ 2023ರ ಸೆಪ್ಟೆಂಬರ್‌ನಿಂದ ಆ ಹಳೆಯ ಕಟ್ಟಡದ ಹೆಸರು ‘ಸಂವಿಧಾನ ಸದನ’. ಅಂಬೇಡ್ಕರ್ ಕೊನೆಯುಸಿರೆಳೆದ ದೆಹಲಿಯ 26, ಅಲಿಪುರ ರಸ್ತೆಯಲ್ಲಿ 2018ರಿಂದ ತೆರೆದ ಪುಸ್ತಕದ ಆಕಾರದ ಸ್ಮಾರಕವಿದೆ. ವಾಷಿಂಗ್ಟನ್ನಿನಲ್ಲಿ ಯಾರು ಬೇಕಾದರೂ ಹಣ ಕೊಡದೆ ಅಮೆರಿಕದ ಸಂವಿಧಾನವನ್ನು ನೋಡಿ ಬರಬಹುದು. ದೆಹಲಿ ಪ್ರವಾಸಕ್ಕೆ ಹೋದ ಮಂಡ್ಯದ ಶಾಲಾ ಮಕ್ಕಳು, ಆ ಪೆಟ್ಟಿಗೆಗಳಿರುವ ಸಂಸತ್ತಿನ ಗ್ರಂಥಾಲಯಕ್ಕೆ ಹಾಗೆ ನಡೆದುಹೋಗಿ ಆ ಟಿಪ್ಪುವಿನ ಪುಟ ನೋಡುವಂತಿಲ್ಲ.