200 ವ್ಯಾಟಿನ ಆಂಪ್ ಹಾಕಿದರೆ 400 ವ್ಯಾಟಿನ ಬಾಕ್ಸ್ ಸುಡುತ್ತದಾ?

ಪ್ರಶ್ನೆ: ನನ್ನ ಬೇಸ್ ಗಿಟಾರಿನ ಸ್ಪೀಕರ್ ಬಾಕ್ಸ್ 400 ವ್ಯಾಟ್ ತಾಳುವಂಥದ್ದು, 8 ಓಮ್. ಗಿಟಾರಿನ ಸದ್ದನ್ನು ತಿದ್ದುವ ಪ್ರೀಆಂಪ್ ಉಂಟು, ಬಾಕ್ಸಿಗೆ ಶಕ್ತಿ ಕೊಡುವ ಪವರ್ ಆಂಪ್ ತೆಗೆದುಕೊಳ್ಳಬೇಕು. ನನ್ನ ದುಡ್ಡಿಗೆ ಸಿಗುವುದು 8 ಓಮ್‌ಗೆ 200 ವ್ಯಾಟ್ ಕೊಡುವ ಆಂಪ್. ಕಡಿಮೆ ವ್ಯಾಟಿನ ಆಂಪ್ ಹಾಕಿದರೆ ಬಾಕ್ಸ್ ಸುಟ್ಟುಹೋಗುತ್ತದೆ ಎಂದು ಸೌಂಡಿನವರು ಹೇಳುತ್ತಾರೆ. ಏನು ಮಾಡಲಿ?

ಸುಡುವುದಿಲ್ಲ. ತೆಗೆದುಕೊಳ್ಳಿ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ರೋಸ್‌ಗೆ (ಕ್ರೈಸ್ತರ ಮದುವೆಯ ಮುನ್ನಾ ಶಾಸ್ತ್ರಕ್ಕೆ) ನುಡಿಸುವ ಮಂಗಳೂರಿನ ಹುಡುಗರು, ಮಣಿಪಾಲದ ಕಾಲೇಜು ಬ್ಯಾಂಡಿನವರು, ಇಗರ್ಜಿಯ ಕಾಯರ್‌ನವರು, ಎಲ್ಲರೂ ಇದೇ ಭಯ ಇಟ್ಟುಕೊಂಡು ಬರುತ್ತಾರೆ. ಈ ಭಯಕ್ಕೇ ಸಾಲ ಮಾಡಿ ದೊಡ್ಡ ಆಂಪ್ ತಂದು, ಅದರಿಂದಲೇ ಬಾಕ್ಸ್ ಸುಟ್ಟುಕೊಂಡವರೂ ಇದ್ದಾರೆ. ಹಾಗಾಗಿ ಇವತ್ತು ಬಿಡಿಸಿಯೇ ಬರೆಯುತ್ತೇನೆ.

ಸ್ಪೀಕರ್ ಸಾಯುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ವಾಯ್ಸ್ ಕಾಯಿಲ್, ಅಂದರೆ ಒಳಗಿನ ತಂತಿಯ ಸುರುಳಿ, ಬಿಸಿಯಾಗಿ ಸುಡುತ್ತದೆ. ಇಲ್ಲವೇ ಕೋನ್, ಅಂದರೆ ಎದುರಿಗೆ ಕಾಣುವ ಅಲುಗುವ ಭಾಗ, ತನ್ನ ಮಿತಿ ಮೀರಿ ಹಿಂದೆಮುಂದೆ ಹೋಗಿ ಹರಿಯುತ್ತದೆ. ಎರಡಕ್ಕೂ ಕಾರಣ ಒಂದೇ, ತಾಳುವುದಕ್ಕಿಂತ ಜಾಸ್ತಿ ಪವರ್. ಸುಟ್ಟ ಸ್ಪೀಕರ್ ನನ್ನ ರಿಪೇರಿ ಮೇಜಿಗೆ ಬಂದರೆ ಮೊದಲು ಕೋನಿನ ಮೇಲೆ ಎರಡೂ ಕೈಯ ಬೆರಳು ಇಟ್ಟು ಸಮನಾಗಿ ಒತ್ತುತ್ತೇನೆ. ಒಳಗೆ ಕರ ಕರ ಎಂದು ಉಜ್ಜುವ ಸದ್ದು. ಮಲ್ಟಿಮೀಟರ್ ಇಟ್ಟರೆ 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸಬೇಕು, ಇದು ಏನೂ ತೋರಿಸುವುದಿಲ್ಲ. ಬಿಚ್ಚಿದರೆ ತಂತಿಯ ಸುತ್ತು ಕಪ್ಪಗಾಗಿರುತ್ತದೆ, ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಅಷ್ಟು ಬಿಸಿ ಕಡಿಮೆ ಪವರಿನಿಂದ ಹೇಗೆ ಬರಬೇಕು ಹೇಳಿ?

"ಆದರೆ ಚಿಕ್ಕ ಆಂಪ್ ಕ್ಲಿಪ್ ಆಗುತ್ತದಲ್ಲ, ಆಗ ಡಿಸಿ ಹೋಗಿ ಕಾಯಿಲ್ ಸುಡುತ್ತದೆ" ಅನ್ನುತ್ತಾರೆ. ಡಿಸಿ ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಕ್ಲಿಪ್ ಅಂದರೆ ಆಂಪ್ ತನ್ನ ಮಿತಿ ಮುಟ್ಟಿ ಅಲೆಯ ತಲೆ ಚಪ್ಪಟೆ ಆಗುವುದು. ಚಪ್ಪಟೆ ಆದ ಮಾತ್ರಕ್ಕೆ ಅದು ಡಿಸಿ ಅಲ್ಲ. ಆ ಅಲೆ ಮೇಲೆ ಹೋದಷ್ಟೇ ಕೆಳಗೂ ಬರುತ್ತಿರುತ್ತದೆ. ನಿಜವಾದ ಡಿಸಿ ಬರುವುದು ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ. ಅದು ಆಂಪ್ ಕೆಟ್ಟದ್ದು, ಅದಕ್ಕೂ ಕ್ಲಿಪ್‌ಗೂ ಸಂಬಂಧವಿಲ್ಲ.

ಲೆಕ್ಕವನ್ನೇ ನೋಡಿ. 200 ವ್ಯಾಟಿನ ಆಂಪ್ 8 ಓಮ್‌ಗೆ 40 ವೋಲ್ಟ್ ಆರ್‌ಎಂಎಸ್ ಕೊಡುತ್ತದೆ, ಅಲೆಯ ತುದಿಯಲ್ಲಿ ಸುಮಾರು 57 ವೋಲ್ಟ್. ನೀವು ಹುಚ್ಚರ ಹಾಗೆ ನಾಬ್ ತಿರುಗಿಸಿ, ಅಲೆ ಪೂರ್ತಿ ಚೌಕ ಆಯಿತು ಅಂದುಕೊಳ್ಳಿ. ಆಗ ಮೇಲೆ ಹೋದಾಗಲೂ ಕೆಳಗೆ ಬಂದಾಗಲೂ ಪೂರ್ತಿ 57 ವೋಲ್ಟೇ ಇರುತ್ತದೆ, ಪವರ್ ಎರಡು ಪಟ್ಟು, ಅಂದರೆ 400 ವ್ಯಾಟ್. ನಿಮ್ಮ ಬಾಕ್ಸ್ ಎಷ್ಟು? 400. ಅಷ್ಟು ಕೆಟ್ಟದಾಗಿ ಯಾರೂ ಇಡೀ ಕಾರ್ಯಕ್ರಮ ನುಡಿಸುವುದಿಲ್ಲ ಮಾರಾಯ್ರೆ. ನಿಮ್ಮ ಪಕ್ಕದಲ್ಲಿ ನಿಲ್ಲುವ ಲೀಡ್ ಗಿಟಾರಿನವರು ರಾತ್ರಿಯಿಡೀ ಡಿಸ್ಟಾರ್ಷನ್‌ನಲ್ಲೇ ನುಡಿಸುತ್ತಾರಲ್ವಾ? ಅದು ಕ್ಲಿಪ್ಪಿಂಗೇ. ಅವರ ಸ್ಪೀಕರ್ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತದೆ.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ಒಂದು ಮದುವೆಯಲ್ಲಿ ನಾನೇ ನೋಡಿದ್ದು ಹೇಳುತ್ತೇನೆ. ಬಾಕ್ಸ್ 150 ವ್ಯಾಟ್, ಆಂಪ್ 250. ಡ್ರಮ್ಸ್ ಎದುರು ಬೇಸ್ ಕೇಳಲಿಲ್ಲ ಎಂದು ಬೇಸ್ ನಾಬ್ ಪೂರ್ತಿ ತಿರುಗಿಸಿದರು. 12 ಡೆಸಿಬಲ್ ಏರಿಸಿದರೆ ಆ ಭಾಗಕ್ಕೆ ಸುಮಾರು 16 ಪಟ್ಟು ಪವರ್ ಬೇಕು. ಆಂಪ್ ಕ್ಲಿಪ್ ಆಯಿತು, ಮೂರನೇ ಹಾಡಿಗೆ ಕಾಯಿಲ್ ಹೋಯಿತು. "ಆಂಪ್ ಸಣ್ಣದಾಯಿತು" ಎಂದು ಎಲ್ಲರೂ ತೀರ್ಮಾನ ಮಾಡಿದರು. 150ರ ಬಾಕ್ಸಿಗೆ 250 ದಾಟಿ ಹೋಗಿತ್ತು, ಅದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಟ್ವೀಟರ್, ಅಂದರೆ ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್, ಅದರ ವಿಷಯದಲ್ಲಿ ಮಾತ್ರ ಈ ಮಾತಿಗೆ ಸ್ವಲ್ಪ ಅರ್ಥ ಉಂಟು. ಕ್ಲಿಪ್ ಆದಾಗ ಮೇಲಿನ ಸ್ವರಗಳ ಪಾಲು ಜಾಸ್ತಿ ಆಗುತ್ತದೆ, ಟ್ವೀಟರ್ ತಾಳುವುದೇ ಕಡಿಮೆ. ನಿಮ್ಮ ಬಾಕ್ಸಿನಲ್ಲಿ ಟ್ವೀಟರ್ ಇದ್ದರೆ ಅದರ ನಾಬ್ ಇಳಿಸಿ.

ನಿಜವಾಗಿ ಹೆದರಬೇಕಾದದ್ದು ತೀರಾ ಕೆಳಗಿನ ಸ್ವರಗಳಿಗೆ. ನಾಲ್ಕು ತಂತಿಯ ಬೇಸ್‌ನ ಇ 41 ಹರ್ಟ್ಸ್, ಐದು ತಂತಿಯ ಬಿ 31. ಪೋರ್ಟ್ (ಗಾಳಿ ಆಡುವ ತೂತು) ಇರುವ ಬಾಕ್ಸಿನಲ್ಲಿ, ಆ ಪೋರ್ಟ್ ಹೊಂದಿಸಿದ ಸ್ವರಕ್ಕಿಂತ, ಅಂದರೆ ಅದರ ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಹಿಡಿತವೇ ಇರುವುದಿಲ್ಲ. 400 ವ್ಯಾಟಿನ ಬಾಕ್ಸ್ ಅಲ್ಲಿ 200ಕ್ಕೂ ಸೋಲಬಹುದು. ತೀರಾ ಕೆಳಗಿನ ಸ್ವರ ತಡೆಯುವ ಹೈಪಾಸ್ ಫಿಲ್ಟರ್ ಇದ್ದರೆ 35 ಹರ್ಟ್ಸ್ ಹತ್ತಿರ ಇಡಿ, ಬೇಸ್ ನಾಬ್ ನಡುವೆ ಇರಲಿ.

ಇನ್ನು ಆಯ್ಕೆ. ಪಿಎಂಪಿಒ, ಅಂದರೆ ಕ್ಷಣಮಾತ್ರದ ಪವರನ್ನು ಉಬ್ಬಿಸಿ ಬರೆದ ಅಂಕಿ, ನೋಡಲೇಬೇಡಿ. ಎಷ್ಟು ಓಮ್‌ಗೆ ಎಷ್ಟು ಆರ್‌ಎಂಎಸ್ (ಸತತವಾಗಿ ಕೊಡುವ ವ್ಯಾಟ್) ಎಂದು ಕೇಳಿ. 4 ಓಮ್‌ಗೂ ನಡೆಯುವ ಆಂಪ್ ಇರಲಿ, ಯಾಕೆಂದರೆ ಮುಂದೆ ಎರಡನೇ 8 ಓಮ್ ಬಾಕ್ಸ್ ಸೇರಿಸಿದರೆ ಲೋಡ್ 4 ಆಗುತ್ತದೆ. ಬ್ರಿಡ್ಜ್ ಮಾಡಿದಾಗ, ಅಂದರೆ ಆಂಪ್‌ನ ಎರಡು ಚಾನೆಲ್ ಸೇರಿಸಿ ಒಂದೇ ಬಾಕ್ಸಿಗೆ ಕೊಟ್ಟಾಗ, ಪ್ರತಿ ಚಾನೆಲ್‌ಗೆ ಕಾಣುವುದು ಬಾಕ್ಸಿನ ಓಮ್‌ನ ಅರ್ಧ ಮಾತ್ರ. 8 ಓಮ್ ಬಾಕ್ಸ್ ಅದಕ್ಕೆ 4 ಆಗಿ ಕಾಣುತ್ತದೆ. ಹಾಗೆ ಬ್ರಿಡ್ಜ್ ಮಾಡಿ 1000 ವ್ಯಾಟ್ ನಿಮ್ಮ 400ರ ಬಾಕ್ಸಿಗೆ ಬಿಟ್ಟರೆ ಮಾತ್ರ ನನ್ನ ಮೇಜಿಗೆ ಬರಬೇಕಾಗುತ್ತದೆ.

ದುಡ್ಡು ಕೂಡಿದಾಗ ದೊಡ್ಡ ಆಂಪ್ ಬೇಡ, ಎರಡನೇ ಬಾಕ್ಸ್ ತನ್ನಿ. 200 ವ್ಯಾಟ್ 400 ಆದರೆ ಸಿಗುವುದು 3 ಡೆಸಿಬಲ್ ಅಷ್ಟೇ. ಅದೇ ಆಂಪ್‌ಗೆ ಅಂಥದ್ದೇ ಇನ್ನೊಂದು ಬಾಕ್ಸ್ ಹಾಕಿದರೆ ಸುಮಾರು 5 ಸಿಗುತ್ತದೆ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟಿನ ಟ್ಯೂಬ್ ಆಂಪ್. ಅದಕ್ಕೆ ಜೋಡಿಸಿದ್ದು ಹತ್ತು ಇಂಚಿನ ಎಂಟೆಂಟು ಸ್ಪೀಕರ್ ಇರುವ ಎರಡು ಬಾಕ್ಸ್. ದೊಡ್ಡ ದೊಡ್ಡ ವೇದಿಕೆಗಳನ್ನು ತುಂಬಿಸಿದ್ದು ಆ ಸ್ಪೀಕರುಗಳ ಸಂಖ್ಯೆ.

ಮಳೆಗಾಲದ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಆಂಪ್ ಕೆಡುವುದು ವ್ಯಾಟಿನಿಂದಲ್ಲ, ಉಪ್ಪಿನ ಗಾಳಿಯಿಂದ. ಮಲ್ಪೆ ಬೀಚ್‌ನಲ್ಲಿ ಒಂದು ಸಂಜೆ ನುಡಿಸಿದರೆ ಫ್ಯಾನ್ ಒಳಗೆ ಎಳೆದ ತೇವಕ್ಕೆ ಧೂಳು ಅಂಟಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೂಲೆಯಲ್ಲಿ ಇಟ್ಟರೆ ಜಾಕ್ ಒಳಗೆ ಕಿಲುಬು, ಬಾಕ್ಸಿನ ಮೇಲೆ ಬೂಷ್ಟು. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ. ಎಸಿ ಕಾರಿನಿಂದ ಇಳಿಸಿದ ತಕ್ಷಣ ಆನ್ ಮಾಡಬೇಡಿ, ತಣ್ಣಗಿನ ಲೋಹದ ಮೇಲೆ ನೀರು ಕೂತಿರುತ್ತದೆ. ಸೆಪ್ಟೆಂಬರ್‌ನ ಮೊಂತಿ ಫೆಸ್ತ್ (ಮಾತೆ ಮರಿಯಳ ಹಬ್ಬ) ಹೊತ್ತಿಗೆ ಹೊರಗೆ ತೆಗೆದಾಗ ಸೌಂಡ್ ಬಾರದಿದ್ದರೆ ಗಾಬರಿ ಬೇಡ. ಆಂಪ್ ಆಫ್ ಮಾಡಿ, ಪ್ರತಿ ಜಾಕ್‌ಗೂ ಪಿನ್ ಹತ್ತು ಸಲ ಹಾಕಿ ತೆಗೆಯಿರಿ. ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಲು ಬಿಡಿ. ನನ್ನಲ್ಲಿಗೆ "ಸತ್ತಿದೆ" ಎಂದು ಬಂದ ಎಷ್ಟೋ ಆಂಪ್ ಇಷ್ಟಕ್ಕೇ ಎದ್ದು ಕೂತಿವೆ.