ಹಿಲರಿ ‘ಸರ್’ ಆದರು, ತೇನ್ಸಿಂಗ್ ಯಾಕೆ ಆಗಲಿಲ್ಲ?

ಪ್ರಶ್ನೆ: 1953ರಲ್ಲಿ ಎವರೆಸ್ಟ್ ತುದಿಗೆ ಹಿಲರಿ, ತೇನ್ಸಿಂಗ್ ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹೋದವರು. ಆದರೆ ಬ್ರಿಟನ್ ಹಿಲರಿಗೆ ‘ಸರ್’ ಪದವಿ ಕೊಟ್ಟು, ತೇನ್ಸಿಂಗ್‌ಗೆ ಒಂದು ಪದಕ ಕೊಟ್ಟು ಕೈತೊಳೆದುಕೊಂಡಿತು. ಇದು ತಾರತಮ್ಯವೇ, ಅಥವಾ ಬೇರೆ ಕಾರಣವಿತ್ತೇ?

ಉತ್ತರ: ಎರಡೂ ಇತ್ತು. ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಅದು ಚಿಕ್ಕದು.

ಎಡ್ಮಂಡ್ ಹಿಲರಿ ನ್ಯೂಜಿಲೆಂಡಿನವರು. ಬ್ರಿಟನ್ನಿನ ರಾಣಿಯೇ ಅವರ ದೇಶಕ್ಕೂ ರಾಣಿ. ತಂಡದ ನಾಯಕ ಜಾನ್ ಹಂಟ್ ಬ್ರಿಟಿಷ್ ಸೇನಾಧಿಕಾರಿ. ಇಬ್ಬರಿಗೂ ಪದವಿ ಕೊಡಲು ಅಡ್ಡಿಯೇ ಇರಲಿಲ್ಲ. ಹಿಲರಿಯನ್ನಂತೂ ಕೇಳಿಯೂ ಇರಲಿಲ್ಲ. ರಾಣಿಯ ಪಟ್ಟಾಭಿಷೇಕಕ್ಕೆಂದು ಲಂಡನ್ನಿನಲ್ಲಿದ್ದ ನ್ಯೂಜಿಲೆಂಡ್ ಪ್ರಧಾನಿ ಸಿಡ್ನಿ ಹಾಲೆಂಡ್ ಅವರ ಪರವಾಗಿ ಒಪ್ಪಿಕೊಂಡುಬಿಟ್ಟರು. ಬೆಟ್ಟದಿಂದ ಕಠ್ಮಂಡುವಿನತ್ತ ನಡೆದು ಬರುತ್ತಿದ್ದ ಹಿಲರಿಗೆ ಈ ಸುದ್ದಿ ಗೊತ್ತಾದದ್ದು ದಾರಿಯಲ್ಲಿ, ‘ಸರ್ ಎಡ್ಮಂಡ್’ ಎಂದು ವಿಳಾಸ ಬರೆದ ಕಾಗದ ಕೈಸೇರಿದಾಗ.

ತೇನ್ಸಿಂಗ್ ನೋರ್ಗೆ ಡಾರ್ಜಿಲಿಂಗ್‌ನಲ್ಲಿ ನೆಲೆಸಿದವರು. ಭಾರತದ ಸಂವಿಧಾನದ 18ನೇ ವಿಧಿಯ ಪ್ರಕಾರ ಭಾರತದ ಯಾವ ಪ್ರಜೆಯೂ ವಿದೇಶಿ ಸರ್ಕಾರದಿಂದ ಬಿರುದು ಪಡೆಯುವಂತಿಲ್ಲ. ರಾಯ್ ಬಹದ್ದೂರ್, ಸರ್ ಮುಂತಾದ ಬಿರುದುಗಳ ಕಾಲವನ್ನು ಮುಗಿಸಬೇಕೆಂದೇ ಬರೆದ ವಿಧಿ ಅದು; 1953ಕ್ಕೆ ಅದು ಜಾರಿಗೆ ಬಂದು ಮೂರೇ ವರ್ಷವಾಗಿತ್ತು. ಅಲ್ಲದೆ ಬ್ರಿಟನ್ ನೈಟ್‌ಹುಡ್ ಎಂಬ ಈ ಪದವಿಯನ್ನು ಪರದೇಶದವರಿಗೆ ಗೌರವಾರ್ಥ ಕೊಟ್ಟರೂ ಹೆಸರಿನ ಹಿಂದೆ ‘ಸರ್’ ಹಚ್ಚಿಕೊಳ್ಳಲು ಬಿಡುವುದಿಲ್ಲ. ಹಾಗಾಗಿ ‘ಸರ್ ತೇನ್ಸಿಂಗ್’ ಎನ್ನುವುದು ಆಗುವ ಮಾತಾಗಿರಲಿಲ್ಲ. ಪದಕ ಬಿರುದಲ್ಲವಾದ್ದರಿಂದ ಜಾರ್ಜ್ ಮೆಡಲ್ ಕೊಡಲು ತೊಂದರೆಯಾಗಲಿಲ್ಲ.

ಆದರೆ ಕಾನೂನು ಇಷ್ಟಕ್ಕೇ ಉತ್ತರ ಕೊಡುತ್ತದೆ. ಆ ಪದಕವೇ ಯಾಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಜಾರ್ಜ್ ಮೆಡಲ್ 1940ರಲ್ಲಿ, ಯುದ್ಧಕಾಲದಲ್ಲಿ ಶುರುವಾದ ಶೌರ್ಯ ಪದಕ. ಅದಕ್ಕಿಂತ ಮೇಲೆ ಜಾರ್ಜ್ ಕ್ರಾಸ್ ಇದೆ. ಅಪಾಯದಲ್ಲಿ ಎದೆಗೆಡದವರಿಗೆ ಕೊಡುವ ಒಳ್ಳೆಯ ಪದಕವೇ ಸರಿ. ಆದರೆ ಮನುಷ್ಯ ಎಂದೂ ಮುಟ್ಟದ ತುದಿಯನ್ನು ಮುಟ್ಟಿದ ಇಬ್ಬರಲ್ಲಿ ಒಬ್ಬನಿಗೆ, ಬೇರೆಯವರಿಗೆ ನೆರವಾದ ಧೈರ್ಯವಂತನಿಗೆ ಕೊಡುವಂಥದ್ದನ್ನು ಕೊಟ್ಟರು. ನನಗೆ ಸಿಟ್ಟು ಬರುವುದು ಇಲ್ಲಿ.

ಯಾಕೆಂದರೆ ಆ ತಂಡದಲ್ಲಿ ಎವರೆಸ್ಟನ್ನು ತೇನ್ಸಿಂಗ್‌ರಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. 1935ರಲ್ಲಿ ಎರಿಕ್ ಶಿಪ್ಟನ್ ತಂಡದ ಹೊರೆಯಾಳಾಗಿ ಮೊದಲ ಸಲ ಅಲ್ಲಿಗೆ ಹೋದರು. 1936, 1938ರಲ್ಲಿ ಮತ್ತೆ ಹೋದರು. 1947ರಲ್ಲಿ ಅನುಮತಿಯೇ ಇಲ್ಲದೆ ಹೊರಟ ಅರ್ಲ್ ಡೆನ್ಮನ್ ಜೊತೆಗೂ ಹೋದರು. 1952ರಲ್ಲಿ ಸ್ವಿಸ್ ತಂಡದೊಂದಿಗೆ ಎರಡು ಬಾರಿ ಹೋದಾಗ ಅವರು ಹೊರೆಯಾಳು ಮಾತ್ರ ಆಗಿರಲಿಲ್ಲ, ತಂಡದ ಪೂರ್ಣ ಸದಸ್ಯರಾಗಿದ್ದರು. ಆ ವಸಂತದಲ್ಲಿ ಅವರೂ ರೇಮಂಡ್ ಲ್ಯಾಂಬರ್ಟ್ ಅವರೂ ಸುಮಾರು 8,595 ಮೀಟರ್‌ವರೆಗೆ ಹೋಗಿ, ತುದಿಗೆ ಇನ್ನು ಸುಮಾರು 250 ಮೀಟರ್ ಇದೆ ಎನ್ನುವಲ್ಲಿಂದ ವಾಪಸಾದರು. 1953ರದ್ದು ತೇನ್ಸಿಂಗ್‌ರ ಏಳನೆಯ ಪ್ರಯತ್ನ. ಆ ವರ್ಷ ಖುಂಬು ಐಸ್‌ಫಾಲ್ ಎಂಬ, ಬಿರುಕುಬಿಟ್ಟ ಹಿಮನದಿಯ ಇಳಿಜಾರಿನಲ್ಲಿ ಹಿಲರಿ ಜಿಗಿದ ಕಡೆ ಮಂಜುಗಡ್ಡೆ ಕುಸಿದು ಬಿರುಕಿನೊಳಕ್ಕೆ ಬಿದ್ದಾಗ, ತಕ್ಷಣ ಐಸ್ ಆಕ್ಸ್ ನೆಟ್ಟು ಹಗ್ಗ ಬಿಗಿಹಿಡಿದು ಉಳಿಸಿದ್ದು ತೇನ್ಸಿಂಗ್. ಇವರ ಜೊತೆಗೇ ತುದಿಗೆ ಹೋಗಬೇಕು ಎಂದು ಹಿಲರಿಗೆ ಅನ್ನಿಸಲು ಅದೂ ಒಂದು ಕಾರಣ.

ಆ ತಂಡ ಹೊರಡುವ ಮುಂಚಿನ ಒಂದು ಪ್ರಸಂಗ ನೋಡಿ. ಕಠ್ಮಂಡುವಿನಲ್ಲಿ ಬ್ರಿಟಿಷ್ ಸದಸ್ಯರಿಗೆ ರಾಯಭಾರ ಕಚೇರಿಯಲ್ಲಿ ಹಾಸಿಗೆ, ಶೆರ್ಪಾಗಳಿಗೆ ಹಿಂದೆ ಕುದುರೆ ಲಾಯವಾಗಿದ್ದ ಗ್ಯಾರೇಜು. ಅಲ್ಲಿ ಶೌಚಾಲಯವೂ ಇರಲಿಲ್ಲ. ಬೆಳಗಾಗೆದ್ದ ಶೆರ್ಪಾಗಳು ಕಚೇರಿಯ ಎದುರಿನ ರಸ್ತೆಯಲ್ಲೇ ಮೂತ್ರ ಮಾಡಿ ತಮ್ಮ ಪ್ರತಿಭಟನೆ ತೋರಿಸಿದರು. ಎರಡೂ ಕಡೆಯವರನ್ನು ಸಮಾಧಾನಪಡಿಸುವ ಕೆಲಸ ಸಿರ್ದಾರ್, ಅಂದರೆ ಶೆರ್ಪಾಗಳ ಮುಖ್ಯಸ್ಥ, ಆಗಿದ್ದ ತೇನ್ಸಿಂಗ್‌ರ ಹೆಗಲಿಗೆ ಬಿತ್ತು. ಬೆಟ್ಟದ ಮೇಲೆ ಒಂದೇ ಹಗ್ಗ, ಕೆಳಗೆ ಬೇರೆ ಬೇರೆ ಸೂರು. ಹಂಟ್ ಕೆಟ್ಟ ಮನುಷ್ಯರಲ್ಲ, ಶೆರ್ಪಾಗಳ ಬಗ್ಗೆ ಅವರಿಗೆ ಗೌರವವಿತ್ತು. ಆದರೆ ಶೆರ್ಪಾ ಎಂದರೆ ಕೂಲಿ, ಆರೋಹಿಗಳೇ ಬೇರೆ ಎಂಬ ರೂಢಿ ಆಗಲೇ ಮೂವತ್ತು ವರ್ಷ ಬೇರೂರಿತ್ತು.

1922ರ ಬ್ರಿಟಿಷ್ ಯಾತ್ರೆಯಲ್ಲಿ ಎವರೆಸ್ಟಿನ ಉತ್ತರ ಬದಿಯ ನಾರ್ತ್ ಕೋಲ್ ಇಳಿಜಾರಿನಲ್ಲಿ ಹಿಮ ಕುಸಿದು ಏಳು ಹೊರೆಯಾಳುಗಳು ಸತ್ತರು. ಎವರೆಸ್ಟ್ ಯಾತ್ರೆಗಳ ಚರಿತ್ರೆಯಲ್ಲಿ ಅಷ್ಟು ದೊಡ್ಡ ದುರಂತ ಅದೇ ಮೊದಲು. ಆದರೂ ಆ ಕಾಲದ ಹೆಸರು ಎಂದರೆ ನಮಗೆ ನೆನಪಾಗುವುದು ಬ್ರಿಟಿಷ್ ಆರೋಹಿ ಮ್ಯಾಲರಿ ಒಬ್ಬರೇ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ಯಾತ್ರೆಗೆ ಪರ್ವತಾರೋಹಣದ ಬಹುಮಾನ ಕೊಟ್ಟಾಗ, ಸತ್ತ ಆ ಏಳು ಮಂದಿಗೂ ಮರಣೋತ್ತರವಾಗಿ ಪದಕ ಸಂದಿತು. ನ್ಯಾಯವಾದ ಕೆಲಸ, ಆದರೆ ಅದು ಜನರ ಬಾಯಿಗೆ ಬರಲೇ ಇಲ್ಲ.

ಗೌರವ ಕೈತಪ್ಪಿದವರು ಯಾವಾಗಲೂ ಬಡವರೇ, ಬಿಳಿಯರಲ್ಲದವರೇ ಎಂದೇನಿಲ್ಲ. ಅದೇ ಶಾಮೊನಿಯಲ್ಲಿ 1786ರ ಆಗಸ್ಟ್ 8ರಂದು, ಆಲ್ಪ್ಸ್ ಪರ್ವತದ ಅತಿ ಎತ್ತರದ ಶಿಖರ ಮಾಂಟ್ ಬ್ಲಾಂಕ್‌ನ ತುದಿಯನ್ನು ಮೊದಲು ಮುಟ್ಟಿದವರು ಊರಿನ ವೈದ್ಯ ಮಿಶೆಲ್ ಗೇಬ್ರಿಯಲ್ ಪಕಾರ್ ಮತ್ತು ಹರಳು ಹುಡುಕಿ ಮಾರುತ್ತಿದ್ದ ಜಾಕ್ ಬಾಲ್ಮಾ. ಮೊದಲು ಹತ್ತಿದವರಿಗೆಂದು ವಿಜ್ಞಾನಿ ಸೊಸ್ಯೂರ್ 1760ರಲ್ಲೇ ಘೋಷಿಸಿದ್ದ ಬಹುಮಾನ ಬಾಲ್ಮಾಗೆ ಹೋಯಿತು. ತಾನೇ ಮೊದಲಿಗನಾಗಬೇಕೆಂದು ಹಂಬಲಿಸಿ ಸೋತಿದ್ದ ಮಾರ್ಕ್ ಬೂರಿ ಎಂಬ ಲೇಖಕ, ವೈದ್ಯನ ಪಾಲೇನೂ ಇಲ್ಲ ಎಂಬಂತೆ ಬರೆದು ಹಂಚಿದ. ಜನ ಅದನ್ನೇ ನಂಬಿದರು. ವಾನ್ ಗೆರ್ಸ್‌ಡಾರ್ಫ್ ಎಂಬಾತ ಕೆಳಗಿನಿಂದ ದುರ್ಬೀನಿನಲ್ಲಿ ಇಬ್ಬರನ್ನೂ ಹೆಜ್ಜೆಹೆಜ್ಜೆಗೂ ನೋಡಿ ಬರೆದಿಟ್ಟ ಟಿಪ್ಪಣಿ ಇದ್ದರೂ ಪ್ರಯೋಜನವಾಗಲಿಲ್ಲ. 1887ರಲ್ಲಿ ಅಲ್ಲಿ ನಿಂತ ಪ್ರತಿಮೆಯಲ್ಲಿ ಬಾಲ್ಮಾ ಇದ್ದಾನೆ, ಜೊತೆಗೆ ಸೊಸ್ಯೂರ್ ಇದ್ದಾನೆ, ಪಕಾರ್ ಇಲ್ಲ. ಅವನಿಗೆ ಪ್ರತಿಮೆ ಬಂದದ್ದು 1986ರಲ್ಲಿ, ಹತ್ತಿ ಇಳಿದ ಇನ್ನೂರು ವರ್ಷದ ಮೇಲೆ.

ಈ ಕಥೆ ಗೊತ್ತಿದ್ದರೆ ತೇನ್ಸಿಂಗ್ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಹತ್ತಿದವರಲ್ಲಿ ಯಾರು ದೊಡ್ಡವರು ಎಂದು ಕೊನೆಗೆ ತೀರ್ಮಾನಿಸುವವರು ಕೆಳಗೆ ಕೂತು ಬರೆಯುವವರು, ಮತ್ತು ಅವರಿಗೆ ಯಾವ ಭಾಷೆ, ಯಾವ ದೇಶ ಹತ್ತಿರ ಎಂಬುದು. ತೇನ್ಸಿಂಗ್‌ಗೆ ಓದು ಬರಹ ಬರುತ್ತಿರಲಿಲ್ಲ. ಅವರು ಕೆಳಗಿಳಿದಾಗ ಎಲ್ಲರಿಗೂ ಅವರು ಬೇಕಾಗಿದ್ದರು: ನೇಪಾಳಕ್ಕೂ, ಭಾರತಕ್ಕೂ, ಬ್ರಿಟನ್ನಿಗೂ. ನೇಪಾಳದಲ್ಲಿ ಜನ ಹಿಡಿದ ಚಿತ್ರಗಳಲ್ಲಿ ತೇನ್ಸಿಂಗ್ ಮೇಲೆ ನಿಂತು ಹಿಲರಿಯನ್ನು ಹಗ್ಗದಿಂದ ಎಳೆಯುತ್ತಿದ್ದರು. ಅದೂ ಸುಳ್ಳೇ. ಜಗಳ ತಣಿಸಲು ಇಬ್ಬರೂ ‘ಬಹುತೇಕ ಒಟ್ಟಿಗೇ ತಲುಪಿದೆವು’ ಎಂಬ ಹೇಳಿಕೆಗೆ ಸಹಿ ಹಾಕಿದರು. ಎರಡು ವರ್ಷದ ಮೇಲೆ ತೇನ್ಸಿಂಗ್, ತಾವು ಹೇಳಿ ಬರೆಸಿದ ಆತ್ಮಕಥೆಯಲ್ಲಿ, ಹಿಲರಿ ಮುಂದೆ ಹೆಜ್ಜೆ ಇಟ್ಟರು, ನಾನು ಹಿಂದೆಯೇ ಬಂದೆ ಎಂದು ನೇರವಾಗಿ ಹೇಳಿಬಿಟ್ಟರು. ತಮಗೆ ಲಾಭವಿಲ್ಲದ ಸತ್ಯವನ್ನು ಹೀಗೆ ಹೇಳಿದ ಆ ಮನುಷ್ಯನಿಗೆ ಅದಕ್ಕೇ ಒಂದು ಗೌರವ ಸಲ್ಲಬೇಕಿತ್ತು.

ಬ್ರಿಟನ್ನನ್ನು ಬೈದು ಸುಮ್ಮನಾಗುವುದು ಸುಲಭ. ನಾವು ಏನು ಮಾಡಿದೆವು? ನೆಹರೂ ತೇನ್ಸಿಂಗ್‌ರನ್ನು ಮನೆಗೆ ಕರೆಸಿ, ಲಂಡನ್ನಿಗೆ ಹೋಗಲು ತಮ್ಮದೇ ಬೀರುವಿನಿಂದ ಬಟ್ಟೆ ತೆಗೆದು ಕೊಟ್ಟರು. 1954ರಲ್ಲಿ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಶುರುವಾದಾಗ ತೇನ್ಸಿಂಗ್ ಅದರ ಮೊದಲ ಕ್ಷೇತ್ರ ತರಬೇತಿ ನಿರ್ದೇಶಕರಾದರು. ಒಂದು ತಲೆಮಾರಿನ ಭಾರತೀಯ ಆರೋಹಿಗಳು ಅಲ್ಲಿ ತಯಾರಾದರು. ಅದು ನಿಜವಾದ ಮನ್ನಣೆ. ಆದರೆ ಪದ್ಮ ಪ್ರಶಸ್ತಿಯ ಲೆಕ್ಕ ಬಂದಾಗ, 1959ರಲ್ಲಿ ತೇನ್ಸಿಂಗ್‌ಗೆ ಸಿಕ್ಕಿದ್ದು ಪದ್ಮಭೂಷಣ. 2008ರಲ್ಲಿ, ತೀರಿಕೊಂಡ ಕೆಲವೇ ದಿನಗಳಿಗೆ, ಹಿಲರಿಗೆ ಭಾರತ ಕೊಟ್ಟಿದ್ದು ಪದ್ಮವಿಭೂಷಣ. ನಮ್ಮದೇ ಪಟ್ಟಿಯಲ್ಲಿ ಹಿಲರಿ ಒಂದು ಮೆಟ್ಟಿಲು ಮೇಲಿದ್ದಾರೆ. ಹಿಲರಿ ಅದಕ್ಕೆ ಅರ್ಹರಲ್ಲ ಎನ್ನುತ್ತಿಲ್ಲ. ಶೆರ್ಪಾಗಳ ಹಳ್ಳಿಗಳಲ್ಲಿ ಶಾಲೆ, ಆಸ್ಪತ್ರೆ ಕಟ್ಟಿಸುತ್ತ ಬದುಕು ಸವೆಸಿದವರು ಅವರು.

ಈಗ ಸರಿಪಡಿಸಬಹುದೇ ಎಂದೂ ಹಲವರು ಕೇಳುತ್ತಾರೆ. ತೇನ್ಸಿಂಗ್ 1986ರಲ್ಲಿ ತೀರಿಕೊಂಡರು, ಬ್ರಿಟನ್ ಸತ್ತವರಿಗೆ ನೈಟ್‌ಹುಡ್ ಕೊಡುವುದಿಲ್ಲ. ಭಾರತರತ್ನವನ್ನು ಮರಣೋತ್ತರವಾಗಿ ಕೊಡಬಹುದು. 2011ರಲ್ಲಿ ನಿಯಮ ಬದಲಾಗಿ ಯಾವ ಕ್ಷೇತ್ರದವರಿಗಾದರೂ ಕೊಡುವಂತಾಯಿತು, ಹಾಗಾಗಿಯೇ ಸಚಿನ್ ತೆಂಡೂಲ್ಕರ್‌ಗೆ ಅದು ಬಂತು. ಲಂಡನ್ನಿನಲ್ಲಿ ಇನ್ನು ಕೇಳುವಂಥದ್ದೇನೂ ಉಳಿದಿಲ್ಲ. ಕೇಳುವುದಿದ್ದರೆ ದೆಹಲಿಯಲ್ಲೇ ಕೇಳಬೇಕು.