ಮಿನಿಮಮ್ ಲಾಟ್ ಸೈಜ್: ಮಿತಿ ಹಾಕಿರೋದು ಯಾರಿಗೆ?

"ಟೆಕ್ಸಾಸ್‌ನಲ್ಲಿ ಇನ್ಮೇಲೆ 3,000 ಚದರಡಿಗಿಂತ ದೊಡ್ಡ ಸೈಟ್ ಮಾಡಂಗಿಲ್ವಂತೆ" ಅನ್ನೋ ಮಾತು ಮತ್ತೆ ಕಣ್ಣಿಗೆ ಬಿತ್ತು, ಎಷ್ಟನೇ ಸಲ ಅಂತ ಲೆಕ್ಕ ಇಟ್ಟಿಲ್ಲ, ಆದ್ರೆ ಇವತ್ತು ಬರೆದೇ ಬಿಡ್ತೀನಿ. ಇದು ಪೂರ್ತಿ ಉಲ್ಟಾ.

ಲಾಟ್ ಅಂದ್ರೆ ಸೈಟು. ಮಿನಿಮಮ್ ಲಾಟ್ ಸೈಜ್ ಅನ್ನೋದು ಸಿಟಿಯವರು ಹಾಕೋ ಕೆಳಗಿನ ಗೆರೆ, ಇದಕ್ಕಿಂತ ಚಿಕ್ಕ ಜಾಗದಲ್ಲಿ ಮನೆ ಕಟ್ಟಂಗಿಲ್ಲ ಅಂತ. 2025ರ ಸೆಪ್ಟೆಂಬರ್ 1ಕ್ಕೆ ಜಾರಿಗೆ ಬಂದ ಟೆಕ್ಸಾಸ್‌ನ ಸೆನೆಟ್ ಬಿಲ್ 15 ಅನ್ನೋ ಕಾಯ್ದೆ ಮಾತಾಡೋದು ಆ ಗೆರೇನ ಸಿಟಿ ಎಷ್ಟು ಮೇಲಕ್ಕೆ ಎಳೀಬಹುದು ಅನ್ನೋದರ ಬಗ್ಗೆ. ನಿಮಗೆ ಒಂದು ಎಕರೆ ಬೇಕಾ, ತಗೊಳ್ಳಿ, ಯಾರೂ ಅಡ್ಡ ಬರಲ್ಲ. 3,000ಕ್ಕಿಂತ ಜಾಸ್ತಿ ಇರಲೇಬೇಕು ಅಂತ ಸಿಟಿ ಪಟ್ಟು ಹಿಡಿಯಂಗಿಲ್ಲ, ಅಷ್ಟೆ. ಪಾಸ್ ಮಾರ್ಕ್ಸ್ 35ಕ್ಕಿಂತ ಜಾಸ್ತಿ ಇಡಬೇಡಿ ಅಂತ ಮೇಷ್ಟ್ರಿಗೆ ಹೇಳಿದ್ರೆ ಹುಡುಗರು 90 ತಗೋಬಾರದು ಅಂತ ಅರ್ಥ ಆಗುತ್ತಾ? ಅಂದ ಹಾಗೆ ಇದು ಜಾಗದ ಅಳತೆ, ಮನೆಯ ಅಳತೆ ಅಲ್ಲ, ಅದನ್ನೂ ಕಲಸಿ ಹಾಕ್ತಾರೆ.

ಇನ್ನು ಇದು ಎಲ್ಲಾ ಕಡೆನೂ ಇಲ್ಲ. 3 ಲಕ್ಷಕ್ಕಿಂತ ಜಾಸ್ತಿ ಜನ ಇರೋ ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ), ಒಂದೂವರೆ ಲಕ್ಷ ದಾಟಿದ ಸಿಟಿಗಳಿಗೆ, ಅದರಲ್ಲೂ ಇನ್ನೂ ಲೇಔಟ್ ಆಗದ 5 ಎಕರೆ ಅಥವಾ ಅದಕ್ಕಿಂತ ದೊಡ್ಡ ಜಮೀನಿಗೆ ಮಾತ್ರ. 5 ಎಕರೆ ಅಂದ್ರೆ 2,17,800 ಚದರಡಿ, ರಸ್ತೆಗೆ ಬಿಡೋದನ್ನ ಪಕ್ಕಕ್ಕಿಟ್ಟು ಲೆಕ್ಕ ಹಾಕಿದ್ರೆ 5,000ದ ಸೈಟು 43 ಬರುತ್ತೆ, 3,000ದ್ದು 72. ವ್ಯತ್ಯಾಸ 29 ಮನೆ. ಈ 29 ಕುಟುಂಬಗಳ ವಿಷಯಕ್ಕೇ ಇಷ್ಟು ಜಗಳ ನಡೀತಿರೋದು.

ಲಾಟ್ ಅನ್ನೋ ಪದದ ಮೂಲ ನನಗೆ ತುಂಬಾ ಇಷ್ಟ. ಹಳೇ ಇಂಗ್ಲಿಷ್‌ನಲ್ಲಿ ಅದು 'ಹ್ಲಾಟ್', ಪಾಲು ನಿರ್ಧಾರ ಮಾಡೋಕೆ ಎತ್ತೋ ಕಡ್ಡಿನೋ ಚೀಟಿನೋ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್‌ಗೆ ಹೋಗಿ ಊರು ಕಟ್ಟಿದ ವಲಸಿಗರು ಊರಿನ ಜಮೀನನ್ನ ಎಷ್ಟೋ ಕಡೆ ಹೀಗೆ ಚೀಟಿ ಎತ್ತಿ ಹಂಚ್ಕೊಂಡ್ರು, ಚೀಟಿಯ ಹೆಸರೇ ಕೊನೆಗೆ ಜಾಗಕ್ಕೂ ಅಂಟ್ಕೊಂಡಿತು. ಲಾಟರಿನೂ ಇದೇ ವಂಶ. ನಮ್ಮ 'ಪಾಲು' ಇದಕ್ಕೆ ಎಷ್ಟು ಸರಿಯಾಗಿ ಹೊಂದುತ್ತೆ ನೋಡಿ, ಜಮೀನಿನ ಪಾಲೂ ಅದೇ, "ನನ್ನ ಪಾಲಿಗೆ ಬಂದಿದ್ದು" ಅಂದಾಗ ಹಣೆಬರಹಾನೂ ಅದೇ, ಇಂಗ್ಲಿಷ್‌ನ ಲಾಟ್‌ಗೂ ಎರಡೂ ಅರ್ಥ ಇದೆ. ಚೀಟಿ ಎತ್ತಿ ಸಿಕ್ಕ ಪಾಲಿಗೆ ಆಮೇಲೆ ಬಂದವರು ಕನಿಷ್ಠ ಅಳತೆ ಕಟ್ಟಿದ್ರು, ಅಷ್ಟು ಕೊಳ್ಳೋಕಾಗದವನಿಗೆ ಆ ಊರಲ್ಲಿ ಪಾಲೇ ಇಲ್ಲ ಅಂತಾಯ್ತು. ನನಗೆ ಬೇಜಾರಾಗೋದು ಅಲ್ಲೇ.

"ರಾಜ್ಯ ಸಿಟಿಯ ಹಕ್ಕು ಕಿತ್ಕೊಂಡಿತು" ಅನ್ನೋದೂ ಸರಿಯಿಲ್ಲ. ಜೋನಿಂಗ್ ಅಂದ್ರೆ ಊರನ್ನ ವಲಯಗಳಾಗಿ ಹಂಚಿ ಎಲ್ಲಿ ಏನು ಕಟ್ಟಬಹುದು ಅಂತ ಹೇಳೋದು. ಆ ಅಧಿಕಾರ ಮೂಲದಲ್ಲಿ ರಾಜ್ಯದ್ದು, ಅದಕ್ಕೆ ಪೊಲೀಸ್ ಪವರ್ ಅಂತಾರೆ (ಖಾಕಿಗೂ ಇದಕ್ಕೂ ಸಂಬಂಧ ಇಲ್ಲ, ಜನರ ಆರೋಗ್ಯ ಸುರಕ್ಷತೆ ನೋಡ್ಕೊಳ್ಳೋ ಅಧಿಕಾರ), ಸಿಟಿಗೆ ರಾಜ್ಯ ವಹಿಸಿಕೊಟ್ಟಿರುತ್ತೆ. 1926ರಲ್ಲಿ ಯೂಕ್ಲಿಡ್ ಅನ್ನೋ ಊರಿನ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೋನಿಂಗ್‌ನ ಎತ್ತಿಹಿಡೀತು, ಆದ್ರೆ ಏನು ಬೇಕಾದ್ರೂ ಮಾಡಿ ಅಂತ ಹೇಳಲಿಲ್ಲ. 1965ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಈಸ್ಟ್‌ಟೌನ್ ಅನ್ನೋ ಟೌನ್‌ಶಿಪ್‌ನ (ಅಲ್ಲಿ ಇದು ಒಂದು ಸ್ಥಳೀಯ ಆಡಳಿತ) 4 ಎಕರೆ ಕನಿಷ್ಠದ ನಿಯಮಾನ ಹೊಡೆದು ಹಾಕಿತು. ಚರಂಡಿ, ರಸ್ತೆ, ಹಳ್ಳಿಯ ಸೊಬಗು ಅಂತೆಲ್ಲ ಟೌನ್‌ಶಿಪ್ ವಾದ ಮಾಡ್ತು, ಹೊಸಬರನ್ನ ಹೊರಗಿಡೋಕೆ ಜೋನಿಂಗ್ ಬಳಸಂಗಿಲ್ಲ ಅಂತ ಕೋರ್ಟ್ ಹೇಳ್ತು.

ಸಣ್ಣ ಸೈಟಿನ ಮಾತು ಬಂದ್ರೆ ಟೆಕ್ಸಾಸ್‌ನ ಹ್ಯೂಸ್ಟನ್ ಉದಾಹರಣೇನ ಎಲ್ಲರೂ ಕೊಡ್ತಾರೆ, ಅದನ್ನೂ ತಪ್ಪಾಗಿ ಕೊಡ್ತಾರೆ. ಆ ಸಿಟೀಲಿ ಜೋನಿಂಗೇ ಇಲ್ಲ! ಕನಿಷ್ಠ ಅಳತೆ ಇರೋದು ಲೇಔಟ್ ನಿಯಮದಲ್ಲಿ, 1998ರಲ್ಲಿ ಲೂಪ್ 610 ಅನ್ನೋ ರಿಂಗ್ ರೋಡಿನ ಒಳಗೆ 5,000ದಿಂದ ಕೆಲವು ಷರತ್ತಿನ ಮೇಲೆ 1,400ರವರೆಗೆ ಇಳಿಸಿದ್ರು, 2013ರಲ್ಲಿ ಅದರಾಚೆಗೂ ಹಬ್ಬಿಸಿದ್ರು. ಒಂದು ಹಳೇ ಒಂಟಿ ಅಂತಸ್ತಿನ ಮನೆ ಇದ್ದ ಜಾಗದಲ್ಲಿ ಈಗ ಮೂರು ಸಪೂರ ಮನೆ, ಕೆಳಗೆ ಕಾರು ಮೇಲೆ ಎರಡು ಅಂತಸ್ತು. ಆದ್ರೆ ಜಾಗದ ಪತ್ರದಲ್ಲೇ ಬರೆದಿರೋ ಡೀಡ್ ರಿಸ್ಟ್ರಿಕ್ಷನ್ ಖಾಸಗಿ ಒಪ್ಪಂದ, ಅದನ್ನ ಈ ನಿಯಮಾನೂ ಮುಟ್ಟಲ್ಲ, ಸೆನೆಟ್ ಬಿಲ್ 15 ಕೂಡ ಮುಟ್ಟಲ್ಲ. ಪತ್ರದಲ್ಲಿ ಸೈಟು ಒಡೀಬಾರದು ಅಂತಿದ್ರೆ ಸಿಟಿ ಒಪ್ಪಿದ್ರೂ ಒಡೆಯೋಕಾಗಲ್ಲ.